ತಂಗಿಗೆ ತೋರಿಸದ ಮೀನು

ನನ್ನ ತಂಗಿ ನನಗಿಂತ ನಾಲ್ಕು ವರ್ಷಕ್ಕೆ ಸಣ್ಣವಳು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಧಾರವಾಡದಲ್ಲಿ, ಸಂಗೀತದ ಮಾಸ್ತರರ ಮನೆಯ ಜಮಖಾನೆಯ ಮೇಲೆ. ನಾನು ಒಂದು ವರ್ಷ ಗಂಟಲು ಹರಿದುಕೊಂಡು ಕಲಿತ ರಾಗದ ಚೀಜನ್ನು ಅವಳು ನನ್ನ ಪಕ್ಕದಲ್ಲಿ ಕೂತು ಗೊಂಬೆಯ ಕೂದಲು ಬಾಚುತ್ತ ಕೇಳಿಸಿಕೊಂಡಿದ್ದಳು. ಒಂದು ಸಂಜೆ ಅದನ್ನೇ ಒಂದೂ ತಪ್ಪಿಲ್ಲದೆ ಹಾಡಿಬಿಟ್ಟಳು. ಮಾಸ್ತರರು ಪೇಟಿ ನಿಲ್ಲಿಸಿ, "ನಾಳೆಯಿಂದ ನೀ ಮುಂದ ಕೂಡು" ಎಂದು ಅವಳಿಗೆ ಹೇಳಿದರು. ಮುಂದೆ ಎಂದರೆ ನಾನು ಕೂಡುತ್ತಿದ್ದ ಜಾಗ. ನಾನು ಆ ತಿಂಗಳೇ ಹಾಡುವುದನ್ನು ಬಿಟ್ಟೆ. ಯಾರೂ ಯಾಕೆಂದು ಕೇಳಲಿಲ್ಲ.

ಆಮೇಲೆ ನಾನು ರಸಾಯನಶಾಸ್ತ್ರ ಓದಿದೆ, ಮದುವೆಯಾಗಿ ಪುಣೆಗೆ ಬಂದೆ. ಕುರಕುಂಭದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಕೋಥರೂಡದ ನಮ್ಮ ಮನೆಯಿಂದ ಕಂಪನಿ ಬಸ್ಸಿನಲ್ಲಿ ಹೋಗಲು ಎರಡು ತಾಸು, ಬರಲು ಎರಡು ತಾಸು. ಬದುಕು ಹಾಗೇ ಸವೆಯುತ್ತಿತ್ತು. ನಮ್ಮ ಲ್ಯಾಬಿನ ಮುಖ್ಯಸ್ಥರು ನಿವೃತ್ತಿಗೆ ಹತ್ತಿರವಾಗಿದ್ದ ಮರಾಠಿ ಗೃಹಸ್ಥರು. ಒಂದು ದಿನ ಊಟದ ಬಿಡುವಿನಲ್ಲಿ ಅವರು ಒಂದು ಡಬ್ಬಿ ತೆರೆದು ನನ್ನ ಮುಂದಿಟ್ಟರು. ಒಳಗೆ ಸಾಲಾಗಿ ಚುಚ್ಚಿಟ್ಟ ಗಾಳದ ಕೊಕ್ಕೆಗಳು. ಒಂದೊಂದಕ್ಕೂ ಹುಂಜದ ಗರಿ, ಬಣ್ಣದ ಎಳೆ, ಮಿಂಚುವ ದಾರ ಸುತ್ತಿ ಥೇಟ್ ಸಣ್ಣ ಮೀನಿನ ಹಾಗೆ ಮಾಡಿದ್ದರು. ಇದಕ್ಕೆ ಫ್ಲೈ ಅನ್ನುತ್ತಾರೆ, ಹುಳವೂ ಬೇಡ ಹಿಟ್ಟೂ ಬೇಡ, ಈ ಗರಿಯನ್ನೇ ಜೀವಂತ ಮೀನು ಎಂದು ನಂಬಿ ದೊಡ್ಡ ಮೀನು ಬಾಯಿ ಹಾಕುತ್ತದೆ ಎಂದರು. "ಮೇಡಂ, ಹನಿ ಹನಿ ಎಣಿಸುವ ಕೆಲಸ ಮಾಡುತ್ತೀರಿ. ನಿಮಗೆ ಇದು ಬರುತ್ತದೆ. ಕಟ್ಟಿ ನೋಡಿ."

ಕಟ್ಟಿದೆ. ಬಂತು. ಭಾನುವಾರಗಳಲ್ಲಿ ದೌಂಡದ ಹತ್ತಿರ ಭೀಮಾ ನದಿಯ ದಂಡೆಯಲ್ಲಿ ನಿಲ್ಲಿಸಿ ಅವರು ನನಗೆ ದಾರ ಎಸೆಯುವುದನ್ನೂ ಕಲಿಸಿದರು. ಫ್ಲೈಗೆ ತೂಕವಿರುವುದಿಲ್ಲ. ದಪ್ಪನೆಯ ದಾರದ ತೂಕವನ್ನೇ ಕೋಲಿನಿಂದ ಹಿಂದಕ್ಕೆ ಬೀಸಿ, ಅದು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ಕಾಯುವುದೇ ನನಗೆ ಆಗುತ್ತಿರಲಿಲ್ಲ. ಅವಸರ ಮಾಡುತ್ತಿದ್ದೆ, ದಾರ ಚಾವಟಿಯ ಹಾಗೆ ಚಟ್ ಎನ್ನುತ್ತಿತ್ತು. ನಿವೃತ್ತರಾಗುವಾಗ ಅವರು ತಮ್ಮ ಕೋಲು, ರೀಲು ಎಲ್ಲವನ್ನೂ ನನಗೇ ಕೊಟ್ಟರು. ಮರುವರ್ಷ ತೀರಿಕೊಂಡರು.

ಆಮೇಲೆ ನಾನು ಒಬ್ಬಳೇ ತಾಮ್ಹಿಣಿ ಘಾಟು ಇಳಿದು ಕೊಂಕಣಕ್ಕೆ ಹೋಗತೊಡಗಿದೆ. ಸಾವಿತ್ರಿ ನದಿ ಸಮುದ್ರ ಸೇರುವ ಖಾಡಿಯಲ್ಲಿ ನನಗೊಬ್ಬ ದೋಣಿಯವನು ಗೊತ್ತಾದ. ಶನಿವಾರ ಸಂಜೆ ಅವನ ಮನೆಯ ಪಡಸಾಲೆಯಲ್ಲಿ ಇಳಿದುಕೊಂಡು, ಭಾನುವಾರ ಬೆಳಿಗ್ಗೆ ನೀರಿಗೆ. ಎರಡೂ ದಂಡೆಗೆ ಕಾಂಡ್ಲಾ ಗಿಡಗಳು, ಕೆಸರಿನಲ್ಲಿ ಕಾಲೂರಿದ ಅವುಗಳ ಬೇರು, ಉಪ್ಪೋ ಸಿಹಿಯೋ ಎಂದು ಹೇಳಲಾಗದ ನೀರು. ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ಸಿಕ್ಕ ಮೀನನ್ನು ಕೊಕ್ಕೆ ಬಿಡಿಸಿ ನೀರಿಗೇ ಬಿಡುತ್ತಿದ್ದೆ. ಎಂಟು ವರ್ಷ ಹೀಗೆ ಹೋದೆ. ಹೆಚ್ಚು ಹಿಡಿಯಲಿಲ್ಲ. ಆದರೆ ಇದು ನನ್ನದಾಗಿತ್ತು. ನಮ್ಮ ಇಡೀ ಬಳಗದಲ್ಲಿ ಇನ್ನೊಬ್ಬರಿಗೆ ಇದರ ಹೆಸರೂ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ತಂಗಿಯ ಗಂಡನಿಗೆ ಪುಣೆಗೆ ವರ್ಗವಾಯಿತು. ಸ್ವಾರಗೇಟದಲ್ಲಿ ಬಸ್ಸಿಳಿದ ಅವಳನ್ನು ನಾನೇ ಕರೆತಂದೆ. ಕೋಥರೂಡದಲ್ಲೇ, ನಮ್ಮಿಂದ ಎರಡು ಸ್ಟಾಪಿನಾಚೆ ಮನೆ ಹಿಡಿದರು. ಬಂದ ವಾರವೇ ಅವಳು ನನ್ನ ಟೇಬಲ್ಲಿನ ಮೇಲಿದ್ದ ಡಬ್ಬಿ ತೆರೆದಳು.

"ಅಕ್ಕಾ, ಇವು ಕಿವಿಯೊಳಗ ಹಾಕ್ಕೊಳ್ಳೂವೇನ? ಎಷ್ಟು ಚಂದ ಅವ!"

ಹೇಳಿದೆ. ಅವಳು ಕೂತು ಎಲ್ಲ ಕೇಳಿದಳು. ಕೊನೆಗೆ, "ತಿನ್ನೂದಿಲ್ಲ ಅಂದ ಮ್ಯಾಲೆ ಹಿಡೀತಿ ಯಾಕ?" ಎಂದಳು.

"ಬಂದು ನೋಡು, ತಿಳೀತದ."

ಕರೆದವಳು ನಾನೇ. ಅದನ್ನು ಮರೆಮಾಚುವುದಿಲ್ಲ. ಅವಳ ಮುಂದೆ ನನಗೂ ಒಂದು ವಿದ್ಯೆ ಬರುತ್ತದೆ ಎಂದು ತೋರಿಸುವ ಆಸೆ ಇತ್ತು.

ನಮ್ಮ ಸೊಸೈಟಿಯ ಹಿಂದೆ ಒಂದು ಬಯಲಿದೆ. ಬೆಳಿಗ್ಗೆ ಅಲ್ಲಿಗೆ ಕರೆದೊಯ್ದು, ಕೊಕ್ಕೆಯ ಬದಲು ಉಣ್ಣೆಯ ಚೂರು ಕಟ್ಟಿದ ದಾರ ಕೊಟ್ಟೆ. ವಾಕಿಂಗಿಗೆ ಬಂದ ಅಜ್ಜ ಒಬ್ಬರು ನಿಂತು, "ಕಾಯ್, ಪತಂಗ ಉಡವತಾಯ್ ಕಾ?" ಎಂದು ಕೇಳಿದರು. ಗಾಳಿಪಟವಲ್ಲ ಎಂದು ನಾನು ಅವರಿಗೆ ಮರಾಠಿಯಲ್ಲಿ ವಿವರಿಸಿ ತಿರುಗುವಷ್ಟರಲ್ಲಿ ತಂಗಿ ದಾರವನ್ನು ಹಿಂದಕ್ಕೆ ಬೀಸಿದ್ದಳು. ಕಾದಳು. ಅದು ಅವಳ ಬೆನ್ನ ಹಿಂದೆ ನೀಟಾಗಿ ಬಿಚ್ಚಿಕೊಂಡಿತು. ಮುಂದಕ್ಕೆ ತಂದಳು. ಸದ್ದಿಲ್ಲದೆ, ಉದ್ದಕ್ಕೆ, ಹುಲ್ಲಿನ ಮೇಲೆ ಗೆರೆ ಎಳೆದ ಹಾಗೆ ಮಲಗಿತು.

"ಅಕ್ಕಾ, ಇದು ತಾಳದಂಗ ಅದ ಅಲ್ಲ? ಖಾಲಿ ಮ್ಯಾಲೆ ನಿಂತು ಸಮ್‌ಗೆ ಬಂದಂಗ."

ತಾಳದ ಖಾಲಿ ಪೆಟ್ಟಿನಲ್ಲಿ ಕಾದು ಮೊದಲ ಪೆಟ್ಟಾದ ಸಮ್‌ಗೆ ಬರುವುದು ನನಗೂ ಗೊತ್ತಿತ್ತು. "ಹೂಂ, ಹಂಗ" ಎಂದೆ. ನನ್ನ ಕಿವಿ ಬಿಸಿಯಾಗಿತ್ತು.

ಮಳೆಗಾಲ ಮುಗಿದ ಮೇಲೆ ಅವಳನ್ನು ಖಾಡಿಗೆ ಕರೆದುಕೊಂಡು ಹೋದೆ. ಮೂರನೆಯ ಎಸೆತಕ್ಕೆ ಅವಳ ದಾರ ಬಿಗಿಯಿತು. "ಕೋಲು ಎತ್ತಬ್ಯಾಡ! ಎಡಗೈಲೆ ದಾರ ಜಗ್ಗು!" ಎಂದು ಕೂಗಿದೆ. ಉಪ್ಪುನೀರಿನಲ್ಲಿ ಕೋಲು ಎತ್ತಿದರೆ ಕೊಕ್ಕೆ ಕಚ್ಚುವುದಿಲ್ಲ. ಇದನ್ನು ಕಲಿಯಲು ನಾನು ಎರಡು ವರ್ಷ ಮೀನು ಕಳೆದುಕೊಂಡಿದ್ದೆ. ಅವಳು ಒಂದೇ ಮಾತಿಗೆ ಜಗ್ಗಿದಳು. ಮೇಲೆ ಬಂದದ್ದು ತಾಂಬೋಶಿ, ತಾಮ್ರದ ತಂಬಿಗೆ ಬೆಳಗಿದಂಥ ಕೆಂಪು ಮೀನು. ದೋಣಿಯವನು ಎದ್ದು ನಿಂತು ಚಪ್ಪಾಳೆ ಹೊಡೆದ. ಎಂಟು ವರ್ಷದಲ್ಲಿ ನನಗಾಗಿ ಅವನು ಎದ್ದು ನಿಂತಿರಲಿಲ್ಲ. "ಧಾಕಟ್ಯಾ ತಾಈಂಚಾ ಹಾತ ಚಾಂಗಲಾ ಆಹೇ" ಎಂದ. ಸಣ್ಣ ಅಕ್ಕನ ಕೈ ಚಲೋ ಅದ ಎಂದು ಅರ್ಥ.

ಆ ಚಳಿಗಾಲ ಪೂರ್ತಿ ಹೀಗೇ ಆಯಿತು. ಒಂದೇ ದೋಣಿ, ಒಂದೇ ನೀರು. ಅವಳ ದಾರದ ತುದಿಯಲ್ಲಿ ಇರುತ್ತಿದ್ದುದೂ ನಾನು ಕಟ್ಟಿದ ಫ್ಲೈ. ಮೀನು ಮಾತ್ರ ಅವಳಿಗೆ. ಅವಳು ನಾಲ್ಕು ಹಿಡಿದರೆ ನಾನು ಒಂದು. ಅವಳು ಪ್ರತಿ ಸಲ, "ನಿನ್ನ ಫ್ಲೈ ಅಕ್ಕಾ, ನಿನ್ನ ಫ್ಲೈದ ಪುಣ್ಯ" ಅನ್ನುತ್ತಿದ್ದಳು. ಅದು ಇನ್ನಷ್ಟು ಚುಚ್ಚುತ್ತಿತ್ತು. ಪುಣೆಯ ಗಾಳದವರ ವಾಟ್ಸಾಪ್ ಗುಂಪಿನಲ್ಲಿ ನಾನು ಐದು ವರ್ಷದಿಂದ ಇದ್ದೆ. ಅವಳನ್ನೂ ಸೇರಿಸಿದೆ. ಅವಳ ಫೋಟೊಗಳಿಗೆ ಚಪ್ಪಾಳೆಯ ಮೇಲೆ ಚಪ್ಪಾಳೆ. ಒಮ್ಮೆ ಒಂದು ಅಂಗಡಿಯಲ್ಲಿ ಆ ಗುಂಪಿನ ಒಬ್ಬರು ಸಿಕ್ಕಿ, "ನೀವು ಅವರ ಅಕ್ಕ ಅಲ್ವಾ?" ಎಂದು ಕೇಳಿದರು. ಹೌದೆಂದೆ. ಮನೆಗೆ ಬಂದು ಅರ್ಧ ಕಟ್ಟಿದ್ದ ಮೂರು ಫ್ಲೈಗಳನ್ನು ಕತ್ತರಿಯಿಂದ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ.

ಏಪ್ರಿಲ್‌ನಲ್ಲಿ ಒಂದು ಗುರುವಾರ ದೋಣಿಯವನು ಫೋನು ಮಾಡಿದ. ಖಾಡಿಯ ಬಾಯಿಗೆ ಜಿತಾಡ ಬಂದಿವೆ ಎಂದ. ಜಿತಾಡ ಎಂದರೆ ಆ ನೀರಿನ ದೊಡ್ಡ ಮೀನು. ನಾನು ಎಂಟು ವರ್ಷದಲ್ಲಿ ಒಂದು ಸಲ ಅದರ ಬಾಲ ಕಂಡಿದ್ದೆ, ಅಷ್ಟೇ. ಭಾನುವಾರ ಬೆಳಿಗ್ಗೆ ನೀರು ಇಳಿಯುವ ಹೊತ್ತು ಬಹಳ ಚೆನ್ನಾಗಿದೆ, ಇಬ್ಬರೂ ಬನ್ನಿ ಎಂದ.

ನಾನು ತಂಗಿಗೆ ಫೋನು ಹಚ್ಚಿದೆ.

"ಈ ಐತವಾರ ಬ್ಯಾಡಂತ. ನೀರು ಭಾಳ ಕದಡೇದಂತ. ಮುಂದಿನ ತಿಂಗಳ ಹೋಗೋಣು."

"ಹೌದಾ? ಛೇ." ಅವಳ ದನಿ ಇಳಿಯಿತು. ಕೂಡಲೇ ಮತ್ತೆ ಏರಿತು. "ಹೋಗ್ಲಿ ಬಿಡು. ಹಂಗಾರ ಐತವಾರ ನೀವಿಬ್ಬರೂ ನಮ್ಮನಿಗೆ ಬರ್ರಿ. ಕಡಬು ಮಾಡ್ತೀನಿ."

"ನನಗ ಕಂಪನ್ಯಾಗ ಆಡಿಟ್ ಅದ."

"ಐತವಾರನೂ?"

"ಹೂಂ, ಐತವಾರನೂ."

ಶನಿವಾರ ಮಧ್ಯಾಹ್ನ ಹೊರಟೆ. ಪೌಡ ರಸ್ತೆಗೆ ಹೋಗುವ ದಾರಿ ಅವಳ ಬಾಲ್ಕನಿಯ ಕೆಳಗೇ ಹಾಯುತ್ತದೆ. ಕಾರು ಕಂಡೀತು ಎಂದು ನಾನು ಹಿಂದಿನ ಗಲ್ಲಿಗಳಲ್ಲಿ ಸುತ್ತಿಬಳಸಿ ಹೋದೆ. ಐವತ್ತೆರಡು ವರ್ಷದ ಹೆಂಗಸು, ಸ್ವಂತ ತಂಗಿಯ ಮನೆ ಕಂಡು ಅಡಗಿಕೊಂಡು ಹೋಗುತ್ತಿದ್ದೇನೆ ಎಂದು ನನಗೇ ಅನ್ನಿಸಿತು. ಆದರೂ ಕಾರು ತಿರುಗಿಸಲಿಲ್ಲ. ಸಣ್ಣ ಅಕ್ಕ ಎಲ್ಲಿ ಎಂದು ದೋಣಿಯವನು ಕೇಳಿದ. ಅವಳಿಗೆ ಭಾನುವಾರ ಏನೋ ಕೆಲಸವಿದೆ ಎಂದೆ.

ಮರುದಿನ ಬೆಳಿಗ್ಗೆ ನೀರು ಇಳಿಯುತ್ತಿತ್ತು. ಕಾಂಡ್ಲಾದ ಬೇರುಗಳಿಂದ ಸಣ್ಣ ಮೀನುಗಳು ಹಿಂಡು ಹಿಂಡಾಗಿ ಹೊರಬರುತ್ತಿದ್ದವು. ಒಂದು ಕಡೆ ನೀರು ಒಮ್ಮೆಲೆ ಭುಸ್ ಎಂದಿತು. ನಾನು ಅಲ್ಲಿಗೆ ಎಸೆದೆ. ಪಕ್ಕದಲ್ಲಿ ಅವಳಿರಲಿಲ್ಲ, ನೋಡುವವರಿರಲಿಲ್ಲ. ಅದಕ್ಕೇ ಇರಬೇಕು, ಆ ದಿನ ನಾನು ಅವಸರ ಮಾಡಲಿಲ್ಲ. ಫ್ಲೈ ಬೇರಿನಿಂದ ಒಂದು ಗೇಣು ಈಚೆ ಬಿತ್ತು. ಎರಡು ಸಲ ದಾರ ಎಳೆದುಕೊಂಡೆ. ಮೂರನೆಯ ಸಲ ಯಾರೋ ನೀರಿನೊಳಗಿಂದ ನನ್ನ ಕೈ ಹಿಡಿದು ಜಗ್ಗಿದ ಹಾಗಾಯಿತು.

ಮೀನು ಒಂದು ಆಳು ಎತ್ತರ ಹಾರಿತು. ಕಿವಿರು ತೆರೆದು ತಲೆ ಕೊಡವಿದ ಸದ್ದು ನನಗೆ ಕೇಳಿಸಿತು. ಆಮೇಲೆ ಸಮುದ್ರದ ಕಡೆಗೆ ಓಡಿತು. ದಾರವೆಲ್ಲ ಹೋಗಿ ಅದರ ಹಿಂದೆ ಸುತ್ತಿಟ್ಟಿದ್ದ ತೆಳು ಹುರಿಯೂ ಹೋಗತೊಡಗಿತು. ದೋಣಿಯವನು ಬೇರಿನಿಂದ ದೂರ ಹುಟ್ಟು ಹಾಕುತ್ತ, "ಸೋಡಾ, ಸೋಡಾ" ಎಂದು ಬಿಡಲು ಹೇಳುತ್ತಿದ್ದ. ಬಿಟ್ಟೆ, ಸುತ್ತಿದೆ, ಮತ್ತೆ ಬಿಟ್ಟೆ. ಎಷ್ಟು ಹೊತ್ತಾಯಿತೋ, ತೋಳು ಜೋಮು ಹಿಡಿಯಿತು. ಕೊನೆಗೆ ಅವನು ಬಗ್ಗಿ ಅದರ ಕೆಳದವಡೆ ಹಿಡಿದು ಎತ್ತಿದ. ಬೆಳ್ಳಿಯ ಮೈ, ಬಂಗಾರದ ಕಣ್ಣು. ನೆಲಕ್ಕೆ ಬಾಲ ಹಚ್ಚಿದರೆ ನನ್ನ ಸೊಂಟಕ್ಕೆ ಬರುವಷ್ಟು ಉದ್ದ. ಅವನು ಎದ್ದು ನಿಂತಿದ್ದ, ಚಪ್ಪಾಳೆ ಹೊಡೆಯಲು ಕೈ ಖಾಲಿ ಇರಲಿಲ್ಲ. ಒಂದು ಫೋಟೊ ತೆಗೆದ. ನಾನು ಮೀನನ್ನು ಹರಿವಿಗೆ ಎದುರಾಗಿ ಹಿಡಿದು ಅದಕ್ಕೆ ಉಸಿರು ಬರುವವರೆಗೆ ಕಾದೆ. ಅದು ನನ್ನ ಮುಖಕ್ಕೆ ನೀರು ಚಿಮ್ಮಿಸಿ ಹೋಯಿತು.

ನಾನು ನಗುತ್ತಿದ್ದೆ. ಒದ್ದೆ ಕೈಯಲ್ಲೇ ಫೋನು ತೆಗೆದು ತಂಗಿಯ ಹೆಸರು ಹುಡುಕಿ ಒತ್ತಲು ಹೋದೆ. ಬೆರಳು ಅಲ್ಲಿಯೇ ನಿಂತಿತು.

ಹೇಳುವ ಹಾಗಿರಲಿಲ್ಲ. ಗುಂಪಿಗೆ ಹಾಕುವ ಹಾಗೂ ಇರಲಿಲ್ಲ, ಅಲ್ಲಿ ಅವಳಿದ್ದಳು. ಸಂಜೆ ನಮ್ಮ ಮನೆಯವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, "ಚಲೋ ಅದ. ಹ್ವಾದ ತಿಂಗಳ ಹಿಡದದ್ದೂ ಇಷ್ಟ ಇತ್ತಲ್ಲ?" ಎಂದರು. ಹೋದ ತಿಂಗಳು ಹಿಡಿದದ್ದು ಅಂಗೈಯಷ್ಟಿತ್ತು. ನನ್ನ ಜೀವಮಾನದ ಮೀನನ್ನು ನೋಡಿ ಅರ್ಥ ಮಾಡಿಕೊಳ್ಳಬಲ್ಲವಳು ಒಬ್ಬಳೇ ಇದ್ದಳು. ಅವಳಿಗೇ ನಾನು ಸುಳ್ಳು ಹೇಳಿದ್ದೆ.

ಸೋಮವಾರ ಸಂಜೆ ಅವಳು ಕಡಬಿನ ಡಬ್ಬಿ ಹಿಡಿದುಕೊಂಡು ಬಂದಳು. ಐತವಾರವೂ ದುಡಿದ ಅಕ್ಕನಿಗೆ ಎಂದು ಮತ್ತೆ ಹೊಸದಾಗಿ ಮಾಡಿದ್ದಳಂತೆ.

"ಮಾರಿ ಯಾಕ ಹಿಂಗ ಸುಟ್ಟದ? ಆಡಿಟ್ ಬಿಸಲಾಗ ಮಾಡಿದ್ರೇನ?"

"ಬಸ್ಸಿನ ಏಸಿ ಕೆಟ್ಟಿತ್ತು. ಕಿಟಕಿ ಕಡೆ ಕೂತಿದ್ದೆ."

ಅವಳು ಅಡುಗೆಮನೆಗೆ ಹೋಗಿ ಬಟ್ಟಲಲ್ಲಿ ತಣ್ಣನೆ ಮೊಸರು ತಂದಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮೂಗಿಗೆ, ಗಲ್ಲಕ್ಕೆ ಮೆಲ್ಲಗೆ ಹಚ್ಚಿದಳು. ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಕಣ್ಣು ತೆರೆದರೆ ಹೇಳಿಬಿಡುತ್ತೇನೆ ಎಂದು ಹೆದರಿಕೆಯಾಗಿತ್ತು. ಹೇಳಲಿಲ್ಲ.

ಮೇ ತಿಂಗಳಲ್ಲಿ ಇಬ್ಬರೂ ಹೋದೆವು. ದೋಣಿಯವನಿಗೆ ಮುಂಚೆಯೇ ಫೋನು ಮಾಡಿ ಬಾಯಿ ಮುಚ್ಚಿಕೊಂಡಿರು ಎನ್ನಬೇಕೆಂದು ನಾಲ್ಕು ಸಲ ಯೋಚಿಸಿದ್ದೆ. ಯಾಕೆ ಎಂದು ಅವನು ಕೇಳಿದರೆ ಏನು ಹೇಳಲಿ? ನೀರಿಗಿಳಿದು ಹತ್ತು ನಿಮಿಷವಾಗಿರಲಿಲ್ಲ. ಅವನು ಹುಟ್ಟು ಹಾಕುತ್ತ ತಂಗಿಗೆ ಮರಾಠಿಯಲ್ಲಿ ಕೇಳಿದ: "ದೊಡ್ಡ ಅಕ್ಕನ ಜಿತಾಡ ನೋಡಿದಿರೇನು? ಇಷ್ಟುದ್ದ!" ಹುಟ್ಟು ಬಿಟ್ಟು ಎರಡೂ ಕೈ ಅಗಲಿಸಿದ. "ಆ ಭಾನುವಾರ ನಿಮಗೆ ಕೆಲಸ ಇತ್ತಂತೆ. ನೀವೂ ಇರಬೇಕಿತ್ತು."

ತಂಗಿ ದಾರ ಬೀಸುತ್ತಿದ್ದಳು. ಅದು ಅವಳ ತಲೆಯ ಮೇಲಿಂದ ಕುಸಿದು ನೀರಿನಲ್ಲಿ ಗುಡ್ಡೆಯಾಗಿ ಬಿತ್ತು. ಅವಳು ತಿರುಗಿ ನನ್ನನ್ನು ನೋಡಿದಳು.

"ಆಡಿಟ್" ಎಂದಳು.

ಅಷ್ಟೇ. ದೋಣಿ ಸಣ್ಣದು, ಎಲ್ಲಿಗೂ ಎದ್ದು ಹೋಗುವ ಹಾಗಿರಲಿಲ್ಲ. ನಾನು ದೋಣಿಯ ಒಂದು ತುದಿಯಲ್ಲಿ, ಅವಳು ಇನ್ನೊಂದರಲ್ಲಿ. ದೋಣಿಯವನು ಇಬ್ಬರನ್ನೂ ನೋಡಿ ಬೀಡಿ ಹಚ್ಚಿದ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಒಂದು ದೊಡ್ಡ ಮೀನು ಸಿಕ್ಕಿತು. ಜಿತಾಡವೇ ಇರಬೇಕು. ಅದು ನೇರ ಕಾಂಡ್ಲಾದ ಬೇರಿಗೆ ನುಗ್ಗಿತು. ಕೋಲನ್ನು ನೀರಿನ ಮಟ್ಟಕ್ಕೆ ಇಳಿಸಿ ಪಕ್ಕಕ್ಕೆ ಜಗ್ಗಬೇಕಿತ್ತು. ನನಗೆ ಗೊತ್ತಿತ್ತು, ಅವಳಿಗೆ ನಾನಿನ್ನೂ ಹೇಳಿಕೊಟ್ಟಿರಲಿಲ್ಲ. ಅವಳು ಕೇಳಲಿಲ್ಲ. ನಾನು ಬಾಯಿ ತೆರೆದೆ, ಆದರೆ ಮಾತು ಬರುವಷ್ಟರಲ್ಲಿ ದಾರ ಟಪ್ಪೆಂದು ಹರಿಯಿತು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ದಾರ ಹರಿದ ಕ್ಷಣ ನನಗೆ ಹಾಯೆನಿಸಿತು. ನನ್ನ ಮೀನು ದೊಡ್ಡದಾಗಿಯೇ ಉಳಿಯಿತು ಎನ್ನಿಸಿತು. ಆಮೇಲೆ ಅವಳು ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತದ್ದು ಕಂಡಿತು. ನಾನು ಫ್ಲೈ ಡಬ್ಬಿ ತೆರೆದು ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

ವಾಪಸು ಬರುವಾಗ ಅವಳು ನನ್ನ ಪಕ್ಕ ಕೂರದೆ ಬಾಡಿಗೆ ಕಾರಿನಲ್ಲಿ ಕೂತ ಹಾಗೆ ಹಿಂದಿನ ಸೀಟಿನಲ್ಲಿ ಕೂತಳು. ತಾಮ್ಹಿಣಿಯಲ್ಲಿ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದೆ. ಎರಡು ಚಹಾ ತಂದೆ. ಅವಳು ಕಾರಿಗೆ ಒರಗಿ ನಿಂತು ಗ್ಲಾಸು ತೆಗೆದುಕೊಂಡಳು.

"ಯಾಕ ಅಕ್ಕಾ?"

ಏನಾದರೂ ಕಾರಣ ಹುಡುಕೋಣ ಎಂದುಕೊಂಡೆ. ಗ್ಲಾಸನ್ನು ಕಾರಿನ ಬಾನೆಟ್ಟಿನ ಮೇಲಿಟ್ಟೆ.

"ಹೊಟ್ಟೆಕಿಚ್ಚು" ಎಂದೆ.

"ನನ್ನ ಮ್ಯಾಲೆ?"

"ಮತ್ತ್ಯಾರ ಮ್ಯಾಲೆ?"

ಅವಳು ಚಹಾ ಮುಗಿಸಿ ಗ್ಲಾಸು ಕೆಳಗಿಟ್ಟಳು. ಆಮೇಲೆ ಕೈ ಚಾಚಿ, "ತೋರಸು" ಎಂದಳು.

ಫೋನು ಕೊಟ್ಟೆ. ಅವಳು ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ ಮೀನಿನ ತಲೆ ನೋಡಿದಳು, ಬಾಲ ನೋಡಿದಳು, ದವಡೆಯ ಮೂಲೆಯಲ್ಲಿದ್ದ ನನ್ನ ಫ್ಲೈ ನೋಡಿದಳು. ಎಲ್ಲಿ ಸಿಕ್ಕಿತು, ಎಷ್ಟು ಹೊತ್ತಿಗೆ, ಯಾವ ಫ್ಲೈ, ಎಷ್ಟು ಸಲ ಹಾರಿತು ಎಂದು ಒಂದೊಂದಾಗಿ ಕೇಳಿದಳು. ನಾನು ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. ಕೈಯಲ್ಲಿ ಅಳತೆ ತೋರಿಸಿದೆ. ಒಂದು ತಿಂಗಳಿಂದ ಒಳಗೇ ಇದ್ದದ್ದೆಲ್ಲ ಹೊರಬಂತು.

"ಸುಳ್ಳು ಹೇಳಿದ್ದಕ್ಕ ಸಿಟ್ಟು ಬಂದದ" ಎಂದಳು ಫೋನು ವಾಪಸು ಕೊಡುತ್ತ. "ಅದಕ್ಕಿಂತ ಹೆಚ್ಚು ಇದಕ್ಕ ಬಂದದ. ಇದನ್ನ ಹಿಡಿಯೂ ಮುಂದ ನಾ ಅಲ್ಲೆ ಇರಬೇಕಾಗಿತ್ತು. ನಾ ಇದ್ದಿದ್ದರ ಕುಣೀತಿದ್ದೆ."

"ಗೊತ್ತದ."

"ಮತ್ತೊಂದು ಮಾತು. ನಿನ್ನ ಹೊಟ್ಟೆಕಿಚ್ಚಿನ ಸಲುವಾಗಿ ನಾ ಹಿಡಿಯೂದು ಬಿಡೂದಿಲ್ಲ. ಕಡಿಮಿ ಹಿಡದಂಗೂ ಮಾಡೂದಿಲ್ಲ."

"ಬಿಡಬ್ಯಾಡ."

ಅವಳು ಮತ್ತೆ ಹಿಂದಿನ ಸೀಟಿಗೇ ಹೋಗಿ ಕೂತಳು.

ಮಳೆಗಾಲ ಪೂರ್ತಿ ಅವಳು ನಮ್ಮ ಮನೆಗೆ ಬರಲಿಲ್ಲ. ಊರಲ್ಲಿದ್ದ ಅವ್ವನ ಔಷಧದ ವಿಷಯ, ಹಬ್ಬದ ವಿಷಯ ಇದ್ದರೆ ಫೋನಿನಲ್ಲಿ ನಾಲ್ಕು ಮಾತು. ಮಳೆ ನಿಂತ ಮೇಲೆ ಗುಂಪಿನ ಇಬ್ಬರು ಹೆಂಗಸರ ಜೊತೆ ಗೋವಾದ ಕಡೆಗೆ ಒಮ್ಮೆ ಹೋಗಿಬಂದಳು. ನಾನು ಆ ಫೋಟೊಗಳನ್ನು ಕಂಪನಿ ಬಸ್ಸಿನಲ್ಲಿ ಕೂತು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಮೀನಿನ ಮೇಲಲ್ಲ, ಅವಳ ಪಕ್ಕ ನಿಂತಿದ್ದ ಆ ಇಬ್ಬರ ಮೇಲೆ ಈ ಸಲ ನನಗೆ ಹೊಟ್ಟೆ ಉರಿಯಿತು. ಅವಳು ದಾರ ಬೀಸುವುದನ್ನು ಅವರು ಪಕ್ಕದಲ್ಲಿ ನಿಂತು ನೋಡಿದ್ದರು.

ದೀಪಾವಳಿಯ ಪಾಡ್ಯದ ದಿನ ಅವಳು ಫರಾಳದ ತಟ್ಟೆ ಹಿಡಿದುಕೊಂಡು ಬಂದಳು. ಚಕ್ಕುಲಿ ಟೇಬಲ್ಲಿನ ಮೇಲಿಟ್ಟು, ನಿಂತುಕೊಂಡೇ, "ಫ್ಲೈ ಮುಗದಾವ. ಹತ್ತು ಬೇಕು" ಎಂದಳು.

"ಯಾವ ಬಣ್ಣ?"

"ನೀ ಜಿತಾಡಕ್ಕ ಹಾಕಿದ್ದಿ ನೋಡು, ಅದು."

ಕಟ್ಟಿ ಕೊಟ್ಟೆ. ಹತ್ತರಲ್ಲಿ ಒಂದನ್ನಾದರೂ ಸ್ವಲ್ಪ ಸಡಿಲು ಕಟ್ಟಬಹುದು ಎಂಬ ಯೋಚನೆ ಬಂತು. ಬಂದದ್ದು ನಿಜ. ಹತ್ತನ್ನೂ ಗಟ್ಟಿಯಾಗಿಯೇ ಕಟ್ಟಿದೆ. ಬೇರಿನ ಕಡೆಗೆ ಓಡುವ ಮೀನನ್ನು ಹೇಗೆ ತಿರುಗಿಸಬೇಕೆಂದು ಬಯಲಿಗೆ ಕರೆದೊಯ್ದು ತೋರಿಸಿಯೂ ಕೊಟ್ಟೆ.

ಈ ಮಾರ್ಚಿನಲ್ಲಿ ಒಟ್ಟಿಗೆ ಹೋದೆವು. ಅವಳಿಗೆ ಜಿತಾಡ ಸಿಕ್ಕಿತು. ಬೇರಿಗೆ ನುಗ್ಗಿತು, ಅವಳು ಕೋಲು ಇಳಿಸಿ ಪಕ್ಕಕ್ಕೆ ಜಗ್ಗಿ ಅದನ್ನು ತಿರುಗಿಸಿದಳು. ಈ ಸಲ ದೋಣಿಯವನ ಬದಲು ನಾನೇ ಬಗ್ಗಿ ದವಡೆ ಹಿಡಿದೆ. ಹಲ್ಲಿಲ್ಲದ, ಉಪ್ಪುಕಾಗದದಂತೆ ತರಿತರಿಯಾದ ದವಡೆ. ಎತ್ತಿ ನನ್ನ ಮೈಗೆ ಹಚ್ಚಿ ಹಿಡಿದಾಗಲೇ ನನಗೆ ಗೊತ್ತಾಗಿಹೋಯಿತು. ಅವಳು ಕುಣಿಯುತ್ತಿದ್ದಳು, ದೋಣಿ ಅಲ್ಲಾಡುತ್ತಿತ್ತು.

"ಅಕ್ಕಾ, ನಿಂದಕ್ಕಿಂತ ದೊಡ್ಡದೇನ?"

ದೋಣಿಯಲ್ಲಿ ಅಳೆಯುವ ಪಟ್ಟಿ ಇರಲಿಲ್ಲ. ಇಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳು. ದೋಣಿಯವನು ನನ್ನ ಮುಖವನ್ನೇ ನೋಡುತ್ತಿದ್ದ.

"ನಾಕ ಬಟ್ಟು ದೊಡ್ಡದದ" ಎಂದೆ.

ಅವಳು ಮೀನನ್ನು ನೀರಿಗೆ ಬಿಟ್ಟು, ಒದ್ದೆ ಕೈಯಲ್ಲೇ ನನ್ನನ್ನು ಅಪ್ಪಿಕೊಂಡಳು. ಬರುವಾಗ ಪಕ್ಕದ ಸೀಟಿನಲ್ಲೇ ಕೂತು ಮುಳಶಿಯವರೆಗೂ ಅದರದೇ ಮಾತು. ನಾನು ಹೂಂಗುಟ್ಟುತ್ತ ಕಾರು ಓಡಿಸಿದೆ. ಕೋಥರೂಡ ಮುಟ್ಟುವವರೆಗೂ ಆ ನಾಲ್ಕು ಬೆರಳಿನಷ್ಟು ಅಂತರ ನನ್ನ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಈಗಲೂ ಸ್ವಲ್ಪ ಉರಿಯುತ್ತದೆ.